ಆಯ್ಕೆಯ ತಾಸು

ಸಾಲೆಯ ಗೋಡೆಯ ಮೇಲೆ ಅಂಟಿಸಿದ ವೇಳಾಪತ್ರಿಕೆಯನ್ನು ಹುಡುಗರು ಓದುವದು ಕಡಿಮೆ. ತೆರೆದ ಎರಡನೆಯ ವಾರಕ್ಕೆ ಅದು ಅವರಿಗೆ ಬಾಯಿಪಾಠವಾಗಿರುತ್ತದೆ. ಮುಂಜಾನೆ ಪ್ರಾರ್ಥನೆ, ಬಳಿಕ ಕನ್ನಡ, ಗಣಿತ, ಇಂಗ್ಲಿಷು, ನಡುಹಗಲಿಗೆ ಬಿಸಿಯೂಟ, ಊಟವಾದ ಮೇಲೆ ವಿಜ್ಞಾನ, ಸಮಾಜ, ಸಂಜೆಗೆ ಗಂಟೆ. ಈ ಪಟ್ಟಿಯ ಒಂದೊಂದು ಚೌಕವನ್ನೂ ತುಂಬಿದವರು ಹಿರಿಯರು. ಹಿತಬುದ್ಧಿಯಿಂದಲೇ ತುಂಬಿರುವರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹತ್ತು ವರ್ಷಗಳ ಪರ್ಯಂತ ದಿನಕ್ಕೆ ಐದಾರು ತಾಸು ಆ ಚೌಕಗಳಲ್ಲಿ ಕುಳಿತೆದ್ದು ಹೊರಬೀಳುವ ಹುಡುಗನು ಹಿಂದಿರುಗಿ ನೋಡಿದರೆ, ಇದನ್ನು ತಾನೇ ಬೇಡಿ ಪಡೆದೆನೆಂದು ಹೇಳಬಹುದಾದ ಒಂದು ತಾಸಾದರೂ ಅವನಿಗೆ ಕಾಣಸಿಗುವದು ದುರ್ಲಭ. ಮಣ್ಣಿನ ಕೆಲಸ, ಹಾಡಿಕೆ, ನೇಯ್ಗೆ, ತೋಟ, ನಾಟಕ, ಕೆಟ್ಟ ಸೈಕಲ್ಲಿನ ದುರಸ್ತಿ, ಇವುಗಳಲ್ಲಿ ತನ್ನ ಮನಸ್ಸು ಹರಿದುದನ್ನು ಆರಿಸಿಕೊಂಡು ವಾರಕ್ಕೆ ಒಂದೆರಡು ತಾಸು ಅದರಲ್ಲಿ ತೊಡಗುವ ಹಕ್ಕು ವಿದ್ಯಾರ್ಥಿಗೆ ಇರಬೇಕೆಂಬ ಮಾತು ಹೊಸತಲ್ಲ. ಅದನ್ನು ಬಹಿರಂಗವಾಗಿ ಅಲ್ಲಗಳೆಯುವವರೂ ಈಗ ವಿರಳ. ಅಲ್ಲಗಳೆಯುವ ಬದಲು ಅವರು, "ಒಳ್ಳೆಯದೇ, ಆದರೆ ಅದು ಸಾಲೆ ಬಿಟ್ಟ ಮೇಲೆ ಆಗಲಿ" ಎನ್ನುವರು. ಆ 'ಬಿಟ್ಟ ಮೇಲೆ' ಎಂಬ ಎರಡು ಶಬ್ದಗಳಲ್ಲಿಯೇ ತೊಡಕೆಲ್ಲ ಅಡಗಿದೆ.

ಧಾರವಾಡ ಹುಬ್ಬಳ್ಳಿಗಳಂಥ ಊರಿನಲ್ಲಿ ಸಾಲೆ ಬಿಟ್ಟ ಮೇಲೆ ಎಂದರೆ ಸಂಜೆ, ಸಂಜೆಯೆಂದರೆ ಬಿಡುವು. ಅಲ್ಲಿಯ ಸುಶಿಕ್ಷಿತ ಮನೆತನದ ಮಗುವು ಚಹಾ ಕುಡಿದು, ಬಟ್ಟೆ ಬದಲಿಸಿ, ಸಂಗೀತದ ಗುರುಗಳಲ್ಲಿಗೋ ಚಿತ್ರಕಲೆಯ ವರ್ಗಕ್ಕೋ ಈಜುಕೊಳಕ್ಕೋ ಹೋಗುವದು. ನವಲಗುಂದದ ಎರೆಹೊಲಗಳ ನಡುವಣ ಒಂದು ಹಳ್ಳಿಯಲ್ಲಿ ಅದೇ ಸಂಜೆಗೆ ಬೇರೆ ಹೆಸರುಗಳಿವೆ. ಹುಡುಗನಿಗೆ ಅದು ದನಗಳಿಗೆ ನೀರು ತೋರಿಸುವ ವೇಳೆ, ಮೇವು ತರುವ ವೇಳೆ. ಹುಡುಗಿಗೆ ಅದು ಕೊಡ ಹೊರುವ, ಕಸ ಹೊಡೆಯುವ, ತಾಯಿ ಕೂಲಿಯಿಂದ ಬರುವವರೆಗೆ ತಮ್ಮನನ್ನು ಬಗಲಲ್ಲಿ ಹೊತ್ತು ಒಲೆ ಹೊತ್ತಿಸುವ ವೇಳೆ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ, ಕುಂದಗೋಳದ ಕಡೆಗೆ ಮೆಣಸಿನಕಾಯಿ ಹರಿಯುವ ದಿನಗಳಲ್ಲಿ, ಸಂಜೆಯಷ್ಟೇ ಏಕೆ, ಹಗಲೂ ಅವರ ಪಾಲಿಗೆ ಉಳಿಯುವದಿಲ್ಲ. ಹಾಜರಿಪುಸ್ತಕದಲ್ಲಿ ಸೊನ್ನೆಗಳ ಸಾಲು ಬೆಳೆಯುವದು. ಕಲಘಟಗಿಯ ಕಡೆಗೆ ಭತ್ತದ ನಾಟಿಯೂ ಇದೇ ರೀತಿ ಮಕ್ಕಳ ಕೈಗಳನ್ನು ಕೇಳುವದು. ಇಂಥ ಮಗುವಿಗೆ 'ಸಾಲೆ ಬಿಟ್ಟ ಮೇಲೆ ನಿನಗೆ ಬೇಕಾದುದನ್ನು ಕಲಿ' ಎಂದು ಹೇಳುವದು ಉಪಕಾರದ ಮಾತಿನಂತೆ ಕೇಳಿಸಿದರೂ ಅದರೊಳಗೆ ನಿರಾಕರಣವೇ ತುಂಬಿದೆ. ಬಡವರ ಮಗುವಿಗೆ ತನ್ನದೆನ್ನಬಹುದಾದ ವೇಳೆ ಸಾಲೆಯ ಎರಡು ಗಂಟೆಗಳ ನಡುವೆ ಮಾತ್ರ ಇರುವದು. ಅಷ್ಟು ಹೊತ್ತು ಅದನ್ನು ಯಾರೂ ಹೊಲಕ್ಕೆ ಕರೆಯಲಾರರು. ಆದುದರಿಂದ ಆಯ್ಕೆಯ ತಾಸು ಆ ಎರಡು ಗಂಟೆಗಳ ಒಳಗೆ ಬೀಳದಿದ್ದರೆ, ಅದು ಈಗಾಗಲೇ ಉಳ್ಳವರಿಗೆ ಇನ್ನಿಷ್ಟು ಕೊಟ್ಟಂತೆಯೇ ಸರಿ.

ಇದರಿಂದ ಪಾಠಗಳಿಗೆ ಎಷ್ಟು ಕುಂದು ಬಂದೀತೆಂಬ ಲೆಕ್ಕವನ್ನು ಮಾಡಿ ನೋಡಬಹುದು. 2009ರ ಶಿಕ್ಷಣಹಕ್ಕಿನ ಕಾಯಿದೆಯ ಅನುಸೂಚಿಯಂತೆ ಒಂದರಿಂದ ಐದನೆಯ ಇಯತ್ತೆಯವರೆಗೆ ವರ್ಷಕ್ಕೆ 200 ದಿನ, 800 ತಾಸು. ಆರರಿಂದ ಎಂಟನೆಯವರೆಗೆ 220 ದಿನ, 1000 ತಾಸು ಬೋಧನೆ ನಡೆಯತಕ್ಕದ್ದು. ವಾರಕ್ಕೆ ಆರು ದಿನದಂತೆ 220 ದಿನಗಳೆಂದರೆ ಸುಮಾರು 37 ವಾರಗಳಾದವು. ವಾರಕ್ಕೊಂದು ತಾಸನ್ನು ಮಕ್ಕಳ ಕೈಗೆ ಬಿಟ್ಟರೆ ಸಾವಿರದಲ್ಲಿ ಮೂವತ್ತೇಳು. ನೂರಕ್ಕೆ ನಾಲ್ಕೂ ಪೂರ್ತಿಯಾಗಲಿಲ್ಲ. ಇಷ್ಟನ್ನು ಕೊಟ್ಟರೆ ಗಣಿತ ಮುಳುಗುವದೆಂದು ಹೆದರುವವರು, ಬಿಸಿಯೂಟವಾದ ಮೇಲಿನ ತಾಸಿನಲ್ಲಿ ಬೇಸಗೆಯ ಧಗೆಯೊಳಗೆ ಗಣಿತವು ಈಗಲೂ ಎಷ್ಟು ಮಟ್ಟಿಗೆ ತೇಲುತ್ತಿದೆಯೆಂಬುದನ್ನು ಒಮ್ಮೆ ವರ್ಗದ ಬಾಗಿಲಲ್ಲಿ ನಿಂತು ನೋಡಬೇಕು. ಅದೇ ಅನುಸೂಚಿಯಲ್ಲಿ ಇನ್ನೊಂದು ಮಾತಿದೆ. ಆರರಿಂದ ಎಂಟನೆಯ ಇಯತ್ತೆಯವರೆಗಿನ ಮಕ್ಕಳು ನೂರಕ್ಕಿಂತ ಹೆಚ್ಚಿದ್ದ ಸಾಲೆಗೆ ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಶಿಕ್ಷಣ ಇವುಗಳಿಗಾಗಿ ಅರೆಕಾಲಿಕ ಬೋಧಕರು ಇರಬೇಕು. ನೂರಕ್ಕಿಂತ ಕಡಿಮೆಯಾದರೆ ಕಾಯಿದೆ ಆ ವಿಷಯದಲ್ಲಿ ಮೌನ. ಹಳ್ಳಿಯ ಸಣ್ಣ ಸಾಲೆಯ ಹುಡುಗನು ತನ್ನ ಜೊತೆಯವರ ಸಂಖ್ಯೆ ಕಡಿಮೆಯೆಂಬ ಅಪರಾಧಕ್ಕಾಗಿ ಚಿತ್ರವನ್ನೂ ಹಾಡನ್ನೂ ಕಳೆದುಕೊಳ್ಳಬೇಕಾದುದು ನ್ಯಾಯವೆಂದು ಯಾರೂ ವಾದಿಸಲಾರರು.

ಹಾಡಿನ ಮಾತು ಬಂದುದರಿಂದ ಕುಂದಗೋಳವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಒಂದು ಕಾಲಕ್ಕೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರು ಸವಾಯಿ ಗಂಧರ್ವರೆಂದು ಪ್ರಖ್ಯಾತರಾದ ರಾಮಭಾವು ಕುಂದಗೋಳಕರರ ಜನ್ಮಸ್ಥಳ. ಅಬ್ದುಲ್ ಕರೀಮಖಾನರ ಶಿಷ್ಯರಾದ ಅವರು ತಮ್ಮ ಊರಿನಲ್ಲಿ ನೆಲೆನಿಂತು ವಿದ್ಯೆಯನ್ನು ಹಂಚಿದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದ ಗಂಗೂಬಾಯಿ ಹಾನಗಲ್ಲರನ್ನೂ, ಅದೇ ತಾಲೂಕಿನ ಯಲಿವಾಳದಲ್ಲಿ ಹುಟ್ಟಿ ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತ ಬಸವರಾಜ ರಾಜಗುರುಗಳನ್ನೂ ಈ ನಾಡು ಇನ್ನೂ ಮರೆತಿಲ್ಲ. ಗದುಗಿನ ಭೀಮಸೇನ ಜೋಶಿಯವರ ಕಥೆಯಂತೂ ಮನೆಮನೆಯ ಮಾತು. 1933ರಲ್ಲಿ, ಇನ್ನೂ ಹನ್ನೊಂದು ವರ್ಷದ ಬಾಲಕನಾಗಿರುವಾಗ, ಅವರು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದರು. ಉತ್ತರ ಹಿಂದುಸ್ಥಾನವನ್ನೆಲ್ಲ ಅಲೆದು ತಿರುಗಿ ಬಂದು 1936ರಲ್ಲಿ ಕುಂದಗೋಳದ ಗುರುಗೃಹದಲ್ಲಿ ನೀರು ಹೊತ್ತು ಸ್ವರ ಸಾಧಿಸಿದರು. ಈ ಕಥೆಯನ್ನು ಹೇಳುವವರು ಬಾಲಕನ ಧೈರ್ಯವನ್ನೂ ಗುರುವಿನ ಕಾಠಿಣ್ಯವನ್ನೂ ಕೊಂಡಾಡಿ ಮುಗಿಸುವರು. ಅವರ ತಂದೆಯವರು ವೃತ್ತಿಯಿಂದ ಸಾಲೆಯ ಶಿಕ್ಷಕರಾಗಿದ್ದರೆಂಬ ಸಂಗತಿಯನ್ನು ಯಾರೂ ಒತ್ತಿ ಹೇಳುವದಿಲ್ಲ. ಶಿಕ್ಷಕರ ಮನೆಯಲ್ಲಿಯೇ ಹುಟ್ಟಿದ ಮಗುವಿಗೂ ತನ್ನ ಕೊರಳು ಬೇಡುತ್ತಿದ್ದುದು ಸಾಲೆಯ ಗೋಡೆಯೊಳಗೆ ದೊರೆಯಲಿಲ್ಲ. ಓಡಿಹೋಗುವದೊಂದೇ ಅಂದಿನ ಕಾಲದಲ್ಲಿ ಆಯ್ಕೆಯ ಮಾರ್ಗವಾಗಿತ್ತು. ಓಡಿಹೋಗಿ ಗೆದ್ದು ಬಂದವರ ಹೆಸರು ಲೋಕಕ್ಕೆ ತಿಳಿಯುವದು. ಓಡಲಾರದೆ ಉಳಿದವರ ಹೆಸರನ್ನು ಬರೆದಿಟ್ಟವರಾರು? ಅವರಲ್ಲಿ ಹುಡುಗಿಯರೇ ಹೆಚ್ಚೆಂದು ಬೇರೆ ಹೇಳಬೇಕಾಗಿಲ್ಲ. 1924ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಎದುರಿಗೆ ಸ್ವಾಗತಗೀತ ಹಾಡಿದವರಲ್ಲಿ ಸಾಲೆಯ ಹುಡುಗಿಯಾಗಿದ್ದ ಗಂಗೂಬಾಯಿಯವರೂ ಒಬ್ಬರು. ಅವರ ಮನೆಯಲ್ಲಿ ತಾಯಿಯೇ ಹಾಡುಗಾರ್ತಿಯಾಗಿದ್ದುದರಿಂದ ಆ ಕೊರಳು ಉಳಿಯಿತು. ತಾಯಿ ಹಾಡದ ಮನೆಯಲ್ಲಿ ಅಂಥ ಕೊರಳು ಹುಟ್ಟಿದರೆ ಅದನ್ನು ಗುರುತಿಸತಕ್ಕ ಕಿವಿ ಸಾಲೆಯ ಹೊರತು ಎಲ್ಲಿ ಸಿಕ್ಕೀತು?

ಮನೆತನದ ಪ್ರಶ್ನೆಯು ಹಾಡಿಗಿಂತಲೂ ಕೈಕಸಬುಗಳಲ್ಲಿ ಬಿರುಸಾಗಿದೆ. ನವಲಗುಂದದ ಜಮಖಾನೆಯನ್ನು ಬಲ್ಲವರು, ಅದರ ನಡುವಿನ ಪಗಡೆಯ ಹಾಸನ್ನೂ ನವಿಲುಗಳನ್ನೂ ಗಟ್ಟಿ ಬಣ್ಣಗಳನ್ನೂ ಮೆಚ್ಚದೆ ಇರಲಾರರು. ಬಿಜಾಪುರದ ಆದಿಲಶಾಹಿಯ ಕಾಲದಲ್ಲಿ ಯುದ್ಧದ ಹಾವಳಿಗೆ ಹೆದರಿ ಬಂದ ನೇಕಾರರು ಈ ಊರಿನಲ್ಲಿ ನಿಂತರೆಂಬ ಐತಿಹ್ಯವಿದೆ. ಮನೆಯೊಳಗಿನ ನೆಟ್ಟನೆಯ ಮಗ್ಗದ ಮುಂದೆ ಕುಳಿತು ನೇಯುವವರು ಒಂದೇ ಸಮಾಜದ ಹೆಂಗಸರು. ವಿದ್ಯೆಯು ಹೊರಗೆ ಹೋಗಬಾರದೆಂದು, ಮದುವೆಯಾಗಿ ಬೇರೆ ಮನೆಗೆ ಹೋಗುವ ಮಗಳಿಗೆ ಕಲಿಸದೆ ಮನೆಗೆ ಬರುವ ಸೊಸೆಗೆ ಕಲಿಸುವ ಪದ್ಧತಿಯು ಅಲ್ಲಿ ಬಹುಕಾಲ ನಡೆದುಬಂದಿತು. ಇದನ್ನು ನಗುವವರು ನಗಲಿ. ಹೊಟ್ಟೆಯ ವಿದ್ಯೆಯನ್ನು ಕಾಯ್ದುಕೊಳ್ಳುವದಕ್ಕೆ ಬಡವರಿಗೆ ಬೇರೆ ಬೀಗವಿರಲಿಲ್ಲ. ಆದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಈಗ ಉಳಿದಿರುವದಾದರೂ ಎಷ್ಟು? ಭೌಗೋಳಿಕ ಗುರುತಿನ ಮನ್ನಣೆ ದೊರೆತಿದ್ದರೂ ಮಗ್ಗದ ಮುಂದೆ ಕೂಡುವ ಕೈಗಳು ಕೆಲವೇ ಉಳಿದಿವೆ. ಕಲಘಟಗಿಯ ಬಣ್ಣದ ತೊಟ್ಟಿಲಿನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಸಾಗುವಾನಿಯ ಮೈಮೇಲೆ ಅರಗಿನ ಬಣ್ಣದಲ್ಲಿ ಪುರಾಣದ ಕಥೆಗಳನ್ನು ಬರೆಯುವ ಆ ಕಲೆ ಚಿತ್ರಗಾರರ ಬೆರಳೆಣಿಕೆಯ ಮನೆತನಗಳಲ್ಲಿ ನಿಂತಿದೆ. ಆ ಮನೆಗಳ ಮಕ್ಕಳಿಗೆ ಮುಂದೆ ಆ ಕೆಲಸ ಬೇಡವಾದರೆ ತೊಟ್ಟಿಲೇ ಬರಿದಾಗುವದು.

ಇಲ್ಲಿ ಎರಡು ಅನ್ಯಾಯಗಳು ಒಟ್ಟಿಗೆ ನಡೆಯುತ್ತವೆ. ನೇಕಾರಳ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಲೆಕ್ಕದ ಯಂತ್ರ ಬಿಚ್ಚಿ ನೋಡುವ ಆಸೆ ಇದ್ದೀತು. ಒಕ್ಕಲಿಗನ ಮಗನ ಬೆರಳಿಗೆ ನೂಲಿನ ಹುಚ್ಚು ಇದ್ದೀತು. ಹುಟ್ಟು ಇವರಿಬ್ಬರನ್ನೂ ಅವರವರ ಓಣಿಯಲ್ಲಿಯೇ ಕಟ್ಟಿಹಾಕುವದು. ಊರಿನ ಎಲ್ಲ ಓಣಿಗಳೂ ಬಂದು ಕೂಡುವ ಸ್ಥಳ ಸಾಲೆಯೊಂದೇ. ಅಲ್ಲಿ ವಾರಕ್ಕೊಂದು ತಾಸು ಮಗ್ಗದ ಚೌಕಟ್ಟು ಒಂದು ಮೂಲೆಯಲ್ಲಿ, ಬಣ್ಣದ ಕುಂಚ ಇನ್ನೊಂದು ಮೂಲೆಯಲ್ಲಿ, ಬಿಚ್ಚಿದ ರೇಡಿಯೋ ಮತ್ತೊಂದು ಮೂಲೆಯಲ್ಲಿ ಇದ್ದು, ಯಾವ ಮೂಲೆಗೆ ಹೋಗಬೇಕೆಂಬುದನ್ನು ಮಗುವಿನ ಜಾತಿಯಾಗಲಿ ತಂದೆಯ ಕಸಬಾಗಲಿ ಹೇಳದೆ ಮಗುವೇ ಹೇಳುವಂತಾದರೆ, ಅದು ಸಣ್ಣ ಸುಧಾರಣೆಯಲ್ಲ. ಕಸಬು ಉಳಿಯುವದು ಬಿಡುವದು ಆ ಮೇಲಿನ ಮಾತು. ಸಾಲೆಯಿರುವದು ಜಮಖಾನೆಯನ್ನು ಉಳಿಸಲಿಕ್ಕೆಂದು ಯಾರೂ ತಿಳಿಯಬಾರದು. ನೇಯಬಲ್ಲ ಮಗು ನೇಯ್ಗೆಯನ್ನು ಕಾಣದೆಯೇ ದೊಡ್ಡದಾಗಬಾರದೆಂಬಷ್ಟೇ ಇಲ್ಲಿಯ ಪ್ರಾರ್ಥನೆ.

ಸಾಲೆಯಲ್ಲಿ ಕೈಕೆಲಸ ಎಂದೊಡನೆ ಹಿರಿಯರಿಗೆ ವರ್ಧಾ ಯೋಜನೆ ನೆನಪಾಗುವದು ಸಹಜ. 1937ರ ಅಕ್ಟೋಬರದಲ್ಲಿ ವರ್ಧೆಯಲ್ಲಿ ನೆರೆದ ಪರಿಷತ್ತಿನ ತರುವಾಯ ಝಾಕೀರ ಹುಸೇನರ ಸಮಿತಿಯು ಸಿದ್ಧಪಡಿಸಿದ ವೇಳಾಪತ್ರಿಕೆಯಲ್ಲಿ ದಿನದ ಐದೂವರೆ ತಾಸುಗಳಲ್ಲಿ 3 ತಾಸು 20 ನಿಮಿಷ ಮೂಲಕಸಬಿಗೆ ಮೀಸಲಾಗಿತ್ತು. ಮಾತೃಭಾಷೆಗೆ 40 ನಿಮಿಷ ಮಾತ್ರ. ಮಕ್ಕಳು ದುಡಿದುದರಲ್ಲಿ ಶಿಕ್ಷಕರ ವೇತನ ಹೊರಡಬೇಕೆಂಬ ಆಸೆಯೂ ಅದರ ಹಿಂದಿತ್ತು. ಆ ಯೋಜನೆಯ ಉದಾತ್ತತೆಯನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ. ಕೈಯಿಂದ ದುಡಿಯುವವನನ್ನು ಕೀಳೆಂದು ಕಾಣುತ್ತ ಬಂದ ದೇಶದಲ್ಲಿ ಬ್ರಾಹ್ಮಣರ ಹುಡುಗನೂ ಸಮಗಾರರ ಹುಡುಗನೂ ಒಂದೇ ಸಾಲಿನಲ್ಲಿ ತಕಲಿ ಹಿಡಿಯಲೆಂದು ಬಯಸಿದುದೇ ದೊಡ್ಡದು. ಆದರೆ ಆ ತಕಲಿಯನ್ನು ಹುಡುಗನು ಬೇಡಿರಲಿಲ್ಲ. ಎಲ್ಲರಿಗೂ ಒಂದೇ, ದಿನವೂ ಅದೇ, ಲೆಕ್ಕಕ್ಕೆ ಇಷ್ಟು ಎಳೆ ಎಂದಾಗ ಕಸಬೂ ಇನ್ನೊಂದು ಪಾಠವಾಯಿತು. ಮಗ್ಗಿಯಲ್ಲಿದ್ದ ಬೇಸರ ನೂಲಿಗೂ ಹತ್ತಿತು. ಮುಂದೆ 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಕಾರ್ಯಾನುಭವವೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲರ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದಿತು. ಹೆಸರು ಉದ್ದವಾಗುತ್ತ ಹೋದಂತೆ ಕೆಲಸ ಗಿಡ್ಡವಾಗುತ್ತ ಬಂದು, ಅನೇಕ ಸಾಲೆಗಳಲ್ಲಿ ಅದು ಅಂಗಳದ ಕಸ ತೆಗೆಯುವದಕ್ಕೂ ಪ್ರಗತಿಪತ್ರಕದಲ್ಲಿ ಒಂದು ಅಕ್ಷರ ಬರೆಯುವದಕ್ಕೂ ಇಳಿಯಿತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಆಟ, ಕುಣಿತ, ನಾಟಕಗಳಿಂದ ಕಲಿಸಲು ಹೊರಟುದು ಬೇರೆ ತೆರನಾದ ಪ್ರಯತ್ನ. ಅಲ್ಲಿ ಮಗುವಿನ ಉಲ್ಲಾಸವೇ ಮೊದಲು. ಆದರೆ ಅದು ಒಬ್ಬ ಅಸಾಮಾನ್ಯರ ಅಂಗಳ. ಅದನ್ನೇ ಎತ್ತಿ ಹಳ್ಳಿಹಳ್ಳಿಯಲ್ಲಿ ನೆಡಲು ಬರುವದಿಲ್ಲ.

ಈಚಿನ ವರ್ಷಗಳಲ್ಲಿ ಸರಕಾರವೂ ಈ ದಿಕ್ಕಿನಲ್ಲಿ ಯೋಚಿಸಿಲ್ಲವೆಂದರೆ ತಪ್ಪಾದೀತು. 2019ರಲ್ಲಿ ಪಾಟೀಚೀಲದ ತೂಕಕ್ಕೆ ಮಿತಿ ಹಾಕಿದ ಆದೇಶವು ಒಂದೆರಡನೆಯ ಇಯತ್ತೆಗೆ ಎರಡು ಕಿಲೋ, ಒಂಬತ್ತು ಹತ್ತನೆಯದಕ್ಕೆ ಐದು ಕಿಲೋ ಮೀರಬಾರದೆಂದು ಗೊತ್ತುಪಡಿಸಿ, ತಿಂಗಳ ಮೂರನೆಯ ಶನಿವಾರ ಚೀಲವಿಲ್ಲದ ದಿನವಾಗಲೆಂದಿತು. 'ಸಂಭ್ರಮ ಶನಿವಾರ'ವೆಂಬ ಹೆಸರೂ ಅದಕ್ಕೆ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣನೀತಿಯು ಮಕ್ಕಳು ಆರರಿಂದ ಎಂಟನೆಯ ಇಯತ್ತೆಯ ಅವಧಿಯಲ್ಲಿ ಯಾವಾಗಲಾದರೂ ಹತ್ತು ದಿನ ಚೀಲವನ್ನು ಬಿಟ್ಟು ಬಡಿಗ, ಕುಂಬಾರ, ತೋಟಗಾರ ಮುಂತಾದವರ ಬಳಿ ಕಲಿಯಲೆಂದು ಸೂಚಿಸಿತು. ಹಗುರಾದ ಬೆನ್ನು ಎಲ್ಲರಿಗೂ ಹಿತವೇ. ಆದರೆ ಶನಿವಾರದ ವಿಷಯವನ್ನು ಮೇಲಿನಿಂದಲೇ ಗೊತ್ತುಪಡಿಸಿ ಕಳಿಸಿದರೆ, ಇಡೀ ಸಾಲೆಯು ಅಂದು ಒಂದೇ ಚಟುವಟಿಕೆಯನ್ನು ಸಂಭ್ರಮದಿಂದ ಮಾಡಿ ಮುಗಿಸಿದರೆ, ಚೀಲ ಇಳಿಯಿತೇ ಹೊರತು ಆಯ್ಕೆ ಏರಲಿಲ್ಲ. ತಿಂಗಳಿಗೊಂದು ದಿನವೆಂದರೆ ಮಗುವಿಗೆ ಅದು ಜಾತ್ರೆ. ಕೈಗೆ ಬಿಡದ ಕೆಲಸ ಬೇಕಾದರೆ ವಾರದ ಸಂತೆಯಂತೆ ತಪ್ಪದೆ ಬರಬೇಕು. ಪ್ರತಿಭಾ ಕಾರಂಜಿಯ ವಿಷಯದಲ್ಲಿಯೂ ಒಂದು ಮಾತು ಹೇಳದೆ ಇರಲಾಗದು. ಅದರಿಂದ ಎಷ್ಟೋ ಹಳ್ಳಿಯ ಮಕ್ಕಳು ಮೊದಲ ಸಲ ವೇದಿಕೆ ಹತ್ತಿದರು. ಅದು ಸಣ್ಣ ಲಾಭವಲ್ಲ. ಆದರೆ ಸ್ಪರ್ಧೆಯ ಸ್ವಭಾವವೇ ಹಾಗೆ: ಮೂವತ್ತು ಮಂದಿಯಲ್ಲಿ ಒಬ್ಬಳನ್ನು ಆರಿಸಿ, ಅವಳನ್ನು ಕ್ಲಸ್ಟರಿಗೂ ತಾಲೂಕಿಗೂ ಜಿಲ್ಲೆಗೂ ಒಯ್ಯುವದು, ಉಳಿದ ಇಪ್ಪತ್ತೊಂಬತ್ತು ಮಂದಿ ಚಪ್ಪಾಳೆ ತಟ್ಟಲು ಕಲಿಯುವರು. ಹಾಡು ಚೆನ್ನಾಗಿ ಬಾರದಿದ್ದರೂ ಹಾಡಬೇಕೆನ್ನಿಸುವ ಮಗುವಿಗೆ ಅಲ್ಲಿ ಎಡೆಯಿಲ್ಲ. ಆಯ್ಕೆಯ ತಾಸು ಇರಬೇಕಾದುದು ಮುಖ್ಯವಾಗಿ ಅದೇ ಮಗುವಿಗಾಗಿ.

ತಂದೆತಾಯಿಗಳ ಆಕ್ಷೇಪವನ್ನು ಹಗುರಾಗಿ ಕಾಣಲಾಗದು. "ಹೊಲದ ಕೆಲಸ ಬಿಡಿಸಿ ಸಾಲೆಗೆ ಕಳಿಸಿದರೆ ಅಲ್ಲಿಯೂ ಮಣ್ಣಾಡುವದೇನು?" ಎಂದು ಕೇಳುವ ಒಕ್ಕಲಿಗನು ಮೂಢನಲ್ಲ. ಒಂದು ದಿನದ ಕೂಲಿ ಎಷ್ಟೆಂಬುದನ್ನು ಅವನು ಬಲ್ಲ. ಮಗನು ತನ್ನಂತೆ ಮಣ್ಣಿನಲ್ಲಿ ಬೀಳಬಾರದೆಂದೇ ಅವನು ಆ ಕೂಲಿಯನ್ನು ಬಿಟ್ಟುಕೊಟ್ಟಿರುವನು. ಅವನಿಗೆ ಸಲ್ಲುವ ಉತ್ತರವು ಭಾಷಣದಿಂದ ಬರುವಂಥದಲ್ಲ; ಕೆಲಸದಿಂದ ಬರಬೇಕು. ಮಗಳು ಸಾಲೆಯ ತೋಟದಲ್ಲಿ ಬೆಳೆಸಿದ ಮೆಂತ್ಯದ ಸಿವುಡನ್ನು ಮನೆಗೆ ತಂದಾಗ, ಮಗನು ಕೆಟ್ಟುನಿಂತ ಟಾರ್ಚನ್ನು ಬಿಚ್ಚಿ ಹೊತ್ತಿಸಿದಾಗ, ವಾದವು ಅರ್ಧ ಮುಗಿದಂತೆ. ಉಳಿದರ್ಧಕ್ಕೆ ತಡೆಯಬೇಕು. ತಾನಾಗಿ ಆರಿಸಿಕೊಂಡ ಕೆಲಸದಲ್ಲಿ ಒಂದು ವರ್ಷ ಕುಳಿತ ಮಗು ಮೊದಲ ಬಾರಿಗೆ 'ನನಗೆ ಬರುವದಿಲ್ಲ' ಎಂಬುದನ್ನು ನಾಚದೆ ಹೇಳಲು ಕಲಿಯುವದು. ಏಕೆಂದರೆ ಅಲ್ಲಿ ಅಂಕಗಳಿಲ್ಲ. ಅಂಕಗಳನ್ನು ಮಾತ್ರ ಈ ತಾಸಿನ ಹತ್ತಿರ ಸುಳಿಯಗೊಡಬಾರದು. ಅಂಕ ಬಂದ ದಿನವೇ ಮಾರ್ಗದರ್ಶಿ ಪುಸ್ತಕ ಬರುವದು, ಅದರ ಹಿಂದೆ ಶಿಕವಣಿ ಬರುವದು, ಕೊನೆಗೆ ಮಣ್ಣಿನ ಎತ್ತನ್ನೂ ಬಾಯಿಪಾಠ ಮಾಡಿಸುವರು.

ಮಣ್ಣಿನ ಎತ್ತೆಂದರೆ ತಮಾಷೆಯ ಮಾತಲ್ಲ. ಸಾಲೆ ತೆರೆದ ಹೊಸತರಲ್ಲಿಯೇ ಬರುವ ಮಣ್ಣೆತ್ತಿನ ಅಮವಾಸ್ಯೆಗೆ ಈ ಸೀಮೆಯ ಮಕ್ಕಳು ಯಾರೂ ಕಲಿಸದೆ ಎತ್ತು ಮಾಡುವರು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡುವರು. ಬರಿಯ ಎರೆಮಣ್ಣು ಒಣಗಿದರೆ ಬಿರಿಯುವದೆಂಬುದನ್ನೂ, ಯಾವ ಹಳ್ಳದ ದಂಡೆಯ ಮಣ್ಣು ಹದವಾದುದೆಂಬುದನ್ನೂ ಅವರು ಬಲ್ಲರು. ಅದೇ ತಿಂಗಳಿನಲ್ಲಿ ಅವರ ಪುಸ್ತಕದಲ್ಲಿ ಮಣ್ಣಿನ ಪ್ರಕಾರಗಳೆಂಬ ಪಾಠವಿದ್ದರೆ ಅದನ್ನು ಓದಿ ಉತ್ತರ ಬರೆಯುವರು. ಕೈಗೆ ತಿಳಿದ ಮಣ್ಣಿಗೂ ಪುಸ್ತಕದ ಮಣ್ಣಿಗೂ ಪರಿಚಯವಾಗುವದೇ ಇಲ್ಲ. ಆಯ್ಕೆಯ ತಾಸನ್ನು ಆರಂಭಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಡ. ಮೊದಲ ವಾರ ಮಕ್ಕಳು ತಮಗೆ ಬರುವದನ್ನೂ ಬೇಕಾದುದನ್ನೂ ಹೇಳಲಿ, ಮಾಸ್ತರರು ಬರೆದುಕೊಳ್ಳಲಿ.

ಇಬ್ಬರೇ ಮಾಸ್ತರರಿದ್ದ ಸಾಲೆಯಲ್ಲಿ ಐದಾರು ಗುಂಪುಗಳನ್ನು ನೋಡಿಕೊಳ್ಳುವವರಾರೆಂಬ ಪ್ರಶ್ನೆ ಉಳಿಯುವದು. ಇಯತ್ತೆಯ ಗೋಡೆಯನ್ನು ಆ ಒಂದು ತಾಸಿನ ಮಟ್ಟಿಗೆ ತೆಗೆದುಬಿಟ್ಟರೆ ಏಳನೆಯ ಇಯತ್ತೆಯವಳು ಮೂರನೆಯದರವನಿಗೆ ಸೂಜಿ ಪೋಣಿಸಿಕೊಡುವಳು. ಮಾಸ್ತರರ ಭಾರ ಅಷ್ಟು ಇಳಿಯುವದು. ಊರಿನಲ್ಲಿ ಕೈಯುಳ್ಳವರು ಇಲ್ಲದಿಲ್ಲ. ಭಜನಾಮೇಳದ ಹಾರ್ಮೋನಿಯಮ್ಮಿನವರು, ದೊಡ್ಡಾಟದ ಮೇಳ ಕಟ್ಟಿದ ಹಿರಿಯರು, ಬಡಿಗರು, ಪಂಪಿನ ದುರಸ್ತಿ ಬಲ್ಲ ತರುಣರು, ಕಸೂತಿ ಬಲ್ಲ ಅಜ್ಜಿಯರು, ಇವರಲ್ಲಿ ತಿಂಗಳಿಗೊಬ್ಬರು ಒಂದು ತಾಸು ಬಂದರೂ ಸಾಕು. ಬಂದವರಿಗೆ ಕೈಮುಗಿದು ಕಳಿಸದೆ ಪಂಚಾಯತಿಯಿಂದ ಗೌರವಧನ ಕೊಡಬೇಕು. ಅವರದೂ ಕೂಲಿ ತಪ್ಪಿದ ದಿನವೇ. ನವಲಗುಂದದ ನೇಕಾರ ಹೆಂಗಸರನ್ನು ಕರೆಯುವದಾದರೆ ಮೊದಲು ಅವರ ಒಪ್ಪಿಗೆ ಕೇಳಬೇಕು. ಮನೆಯ ಗುಟ್ಟನ್ನು ಕೊಡುವದೂ ಬಿಡುವದೂ ಅವರ ಇಚ್ಛೆ. ಮಕ್ಕಳಿಗೆ ಮನಸ್ಸು ಬದಲಿಸುವ ಅವಕಾಶವಿರಲಿ. ಆದರೆ ವಾರವಾರಕ್ಕೂ ಬೇಡ. ದಸರೆಯ ಸೂಟಿಯವರೆಗೆ ಒಂದು, ಆಮೇಲೆ ಬೇಕಾದರೆ ಇನ್ನೊಂದು. ತಪ್ಪಾಗಿ ಆರಿಸಿಕೊಂಡ ಹುಡುಗನು ನಾಲ್ಕು ತಿಂಗಳು ತನ್ನ ತಪ್ಪಿನ ಸಂಗಡ ಕುಳಿತರೆ ಮುಂದಿನ ಸಲ ಕೇಳಿ, ನೋಡಿ, ಆರಿಸುವನು. ಹೆಸರು ಬರೆಯುವ ಹಾಳೆಯನ್ನು ಮಾಸ್ತರರ ಮೇಜಿನಲ್ಲಿಡದೆ ಹೊರಗಿನ ಗೋಡೆಗೆ, ಒಂದನೆಯ ಇಯತ್ತೆಯವನ ಕೈಗೆ ಎಟಕುವ ಎತ್ತರದಲ್ಲಿ ಅಂಟಿಸಬೇಕು; ಅದರ ಕೆಳತುದಿಯಲ್ಲಿ, ಪಟ್ಟಿಯಲ್ಲಿಲ್ಲದ ಕೆಲಸವನ್ನು ಕೇಳುವವರಿಗಾಗಿ ಎರಡು ಸಾಲು ಬರಿದಾಗಿ ಬಿಟ್ಟಿರಬೇಕು.